ಭಾರ ಎತ್ತಿದರೆ ಓಟ ನಿಧಾನ ಆಗುತ್ತಾ?

ಈ ಸಲದ ಪತ್ರಗಳಲ್ಲಿ ಜಿಮ್ಮಿನ ಪ್ರಶ್ನೆಗಳೇ ಜಾಸ್ತಿ. ಐದನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಾನು 10 ಕಿಲೋಮೀಟರ್ ಓಟಗಾರ. ವಾರಕ್ಕೆ ಎರಡು ದಿನ ಭಾರ ಎತ್ತು ಅಂತ ಕೋಚ್ ಹೇಳುತ್ತಾರೆ. ಮೈ ದಪ್ಪವಾಗಿ ಓಟ ಕೆಡುತ್ತದೆ ಅಂತ ಜೊತೆಯವರು ಹೆದರಿಸುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಕೋಚ್ ಮಾತು ಕೇಳಿ. ಶುರುವಿನ ಕೆಲವು ವಾರ ಶಕ್ತಿ ಹೆಚ್ಚುವುದು ಮುಖ್ಯವಾಗಿ ಸ್ನಾಯು ದಪ್ಪವಾಗಿ ಅಲ್ಲ. ಇರುವ ಸ್ನಾಯುವನ್ನೇ ಮೆದುಳು, ನರಗಳು ಚೆನ್ನಾಗಿ ದುಡಿಸಿಕೊಳ್ಳಲು ಕಲಿಯುತ್ತವೆ. ಮೈ ದಪ್ಪವಾಗಬೇಕಾದರೆ ಸುತ್ತಿನ ಮೇಲೆ ಸುತ್ತು (ಸೆಟ್) ಮಾಡಬೇಕು, ಖರ್ಚಾಗುವುದಕ್ಕಿಂತ ಜಾಸ್ತಿ ತಿನ್ನಬೇಕು, ತಿಂಗಳುಗಟ್ಟಲೆ ಬಿಡದೆ ಮಾಡಬೇಕು, ಮತ್ತೆ ದಿನಾ ಅಷ್ಟು ದೂರ ಓಡುವ ದೇಹಕ್ಕೆ ಅದು ಇನ್ನೂ ಕಷ್ಟ. ನಿಮಗೆ ಸಿಗುವ ಲಾಭವೇ ಬೇರೆ. ಅದೇ ವೇಗದಲ್ಲಿ ಓಡಲು ಕಡಿಮೆ ಆಮ್ಲಜನಕ ಸಾಕಾಗುತ್ತದೆ.

1980ರಲ್ಲಿ ರಾಬರ್ಟ್ ಹಿಕ್ಸನ್ ಎಂಬ ಸಂಶೋಧಕರು 10 ವಾರ ಮೂರು ಗುಂಪುಗಳನ್ನು ಹೋಲಿಸಿ ನೋಡಿದರು. ಒಂದು ಗುಂಪಿಗೆ ಭಾರ ಮಾತ್ರ, ಒಂದಕ್ಕೆ ಓಟ ಮತ್ತು ಸೈಕಲ್ ಮಾತ್ರ, ಇನ್ನೊಂದಕ್ಕೆ ಎರಡೂ. ಎರಡೂ ಮಾಡಿದವರ ಶಕ್ತಿ ಏಳೆಂಟು ವಾರ ಏರಿತು, ಆಮೇಲೆ ಇಳಿಯತೊಡಗಿತು. ಅವರ ದಮ್ಮು ಮಾತ್ರ ಕೆಡಲಿಲ್ಲ, ಬರೀ ಓಡಿದವರಷ್ಟೇ ಏರಿತು. ಅಂದರೆ ಹೆದರಬೇಕಾದವರು ಭಾರ ಎತ್ತುವವರು, ಓಟಗಾರರಲ್ಲ! ಅವರೆಲ್ಲ ವಾರಕ್ಕೆ ಐದಾರು ದಿನ ಕಠಿಣವಾಗಿ ಮಾಡಿದ್ದರು ಅನ್ನುವುದೂ ನೆನಪಿರಲಿ. ನಿಮ್ಮದು ಎರಡೇ ದಿನ.

ನಷ್ಟವೇ ಇಲ್ಲ ಅಂತಲ್ಲ. ಮೊದಲ ಎರಡು ಮೂರು ವಾರ ಕಾಲು ಭಾರ ಅನ್ನಿಸುತ್ತದೆ, ಓಟ ಸ್ವಲ್ಪ ನಿಧಾನವಾಗಲೂಬಹುದು. ಅದಕ್ಕೇ ಸ್ಪರ್ಧೆ ಹತ್ತಿರ ಇರುವಾಗ ಹೊಸದಾಗಿ ಶುರು ಮಾಡಬೇಡಿ. ಜೋರಾಗಿ ಓಡುವ ದಿನವೇ, ಆರು ಗಂಟೆ ಬಿಟ್ಟು ಭಾರ ಎತ್ತಿ. ನಿಧಾನದ ದಿನ ನಿಜವಾಗಲೂ ನಿಧಾನವಾಗಿರಲಿ. ಮೊದಲು ಹಗುರ ಭಾರದಲ್ಲಿ ಸ್ಕ್ವಾಟ್ (ಭಾರ ಹೊತ್ತು ಕೂತು ಏಳುವುದು), ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನಿಲ್ಲುವುದು) ಸರಿಯಾಗಿ ಕಲಿಯಿರಿ. ಆಮೇಲೆ ಭಾರ ಏರಿಸಿ ನಾಲ್ಕರಿಂದ ಆರು ರೆಪ್ (ಒಂದು ಸಲ ಎತ್ತಿ ಇಳಿಸಿದರೆ ಒಂದು ರೆಪ್), ಎರಡು ಮೂರು ಸೆಟ್, ನಡುವೆ ಮೂರು ನಿಮಿಷ ವಿಶ್ರಾಂತಿ. ಏದುಸಿರು ಬರುವ ಹಾಗೆ 20, 30 ರೆಪ್ ಮಾಡುವುದು ಓಟಗಾರರ ಅಭ್ಯಾಸ, ಆದರೆ ಆ ದಮ್ಮು ನಿಮಗೆ ಓಟದಲ್ಲೇ ಸಿಗುತ್ತಿದೆ ಅಲ್ವಾ?

ಪ್ರಶ್ನೆ: ವಾಲಿಬಾಲ್ ಆಡುತ್ತೇನೆ, ಇನ್ನೂ ಎತ್ತರ ಹಾರಬೇಕು. ಬಾಕ್ಸ್ ಜಂಪ್ ಸಾಕಾ, ಸ್ಕ್ವಾಟ್ ಬೇಕಾ, ಇಲ್ಲ ಒಲಿಂಪಿಕ್ ಲಿಫ್ಟ್ ಕಲಿಯಬೇಕಾ?

ಉತ್ತರ: ನಿಮಗೆ ಕಡಿಮೆ ಇರುವುದು ಬಲವೋ, ಬಲವನ್ನು ಬೇಗ ಹೊರಹಾಕುವ ಚುರುಕೋ, ಅದನ್ನು ಮೊದಲು ನೋಡಿ. ಪೂರ್ತಿ ಬಲ ಹಾಕಲು ಸ್ನಾಯುವಿಗೆ ಸಮಯ ಬೇಕು. ಆಟದಲ್ಲಿ ಅಷ್ಟು ಸಮಯ ಸಿಗುವುದಿಲ್ಲ. ಪೂರ್ತಿ ವೇಗದಲ್ಲಿ ಓಡುವವರ ಪಾದ ನೆಲದ ಮೇಲೆ ಇರುವುದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು! ನಿಮಗೆ ಇದಕ್ಕಿಂತ ಸ್ವಲ್ಪ ಜಾಸ್ತಿ ಸಿಗುತ್ತದೆ, ಅಷ್ಟೇ. ಸ್ಕ್ವಾಟ್ ಯಾವತ್ತೂ ಮಾಡಿಲ್ಲದಿದ್ದರೆ ಅಲ್ಲಿಂದಲೇ ಶುರು ಮಾಡಿ, ಮೊದಲ ಕೆಲವು ತಿಂಗಳು ಅದೊಂದರಿಂದಲೇ ಹಾರುವ ಎತ್ತರ ಹೆಚ್ಚಬಹುದು. ಆಗಲೇ ಬಲಶಾಲಿಯಾಗಿದ್ದರೆ ಸ್ಕ್ವಾಟ್‌ಗೆ ಇನ್ನೂ 20 ಕಿಲೋ ಸೇರಿಸಿದರೂ ಹಾರುವ ಎತ್ತರ ಅಷ್ಟೇ ಇರಬಹುದು. ಅಂಥವರಿಗೆ ಪ್ಲಯೋಮೆಟ್ರಿಕ್ಸ್, ಅಂದರೆ ಪುಟಿದು ಹಾರುವ ವ್ಯಾಯಾಮ ಬೇಕು.

ಇದನ್ನು ಬೆಳೆಸಿದವರಲ್ಲಿ ದೊಡ್ಡ ಹೆಸರು ಸೋವಿಯತ್ ಕೋಚ್ ಯೂರಿ ವೆರ್ಖೋಷಾನ್ಸ್ಕಿ ಅವರದು. ಆಟಗಾರರನ್ನು ಎತ್ತರದಿಂದ ಕೆಳಗಿಳಿಸಿ, ನೆಲ ಮುಟ್ಟಿದ ಕೂಡಲೇ ಮೇಲೆ ಹಾರಿಸುತ್ತಿದ್ದರು. ಎಳೆದ ರಬ್ಬರ್ ತಟ್ಟನೆ ಬಿಟ್ಟ ಹಾಗೆ ಸ್ನಾಯು ಮತ್ತು ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ಪುಟಿಯುತ್ತವೆ. ಲಾಭ ಇರುವುದು ಆ ಪುಟಿತದಲ್ಲಿ. ಎತ್ತರದ ಬಾಕ್ಸ್ ಮೇಲೆ ಹಾರಿ ವಿಡಿಯೋ ಮಾಡುವವರು ಬಹಳ ಸಲ ತೋರಿಸುವುದು ಮೊಣಕಾಲನ್ನು ಎಷ್ಟು ಮೇಲಕ್ಕೆ ಮಡಚಬಲ್ಲರು ಅನ್ನುವುದನ್ನು ಮಾತ್ರ.

ಇದರ ತೊಂದರೆಯೂ ಸಣ್ಣದಲ್ಲ. ಪ್ರತಿ ಸಲ ಇಳಿಯುವಾಗಲೂ ದೇಹದ ತೂಕದ ಎಷ್ಟೋ ಪಟ್ಟು ಒತ್ತಡ ಕಾಲಿಗೆ ಬೀಳುತ್ತದೆ. ನೀವು ಪ್ರಾಕ್ಟೀಸಿನಲ್ಲೇ ಅಷ್ಟೊಂದು ಸಲ ಹಾರುತ್ತೀರಿ, ಅದರ ಮೇಲೆ ಇದನ್ನೂ ಹೇರಿದರೆ ಮಂಡಿಚಿಪ್ಪಿನ ಕೆಳಗಿನ ಟೆಂಡನ್ ನೋಯಲು ಶುರುವಾಗುತ್ತದೆ. ಹಾಗಾಗಿ ಎಣಿಸಿ. ಹೊಸಬರಿಗೆ ಒಂದು ದಿನಕ್ಕೆ 80ರಿಂದ 100 ಸಲ ಹಾರಿ ಕಾಲು ನೆಲ ಮುಟ್ಟಿದರೆ ಸಾಕು, ಪ್ರಾಕ್ಟೀಸಿನಲ್ಲಿ ಜಾಸ್ತಿ ಹಾರಿದ ದಿನ ಇದು ಬೇಡವೇ ಬೇಡ.

ಒಲಿಂಪಿಕ್ ಲಿಫ್ಟ್‌ಗಳಾದ ಸ್ನ್ಯಾಚ್ (ಭಾರವನ್ನು ನೆಲದಿಂದ ಒಂದೇ ಬೀಸಿಗೆ ತಲೆ ಮೇಲೆತ್ತುವುದು), ಕ್ಲೀನ್ (ಭುಜದವರೆಗೆ ಎತ್ತುವುದು) ತುಂಬಾ ಒಳ್ಳೆಯವು, ನನಗೂ ಇಷ್ಟ. ಆದರೆ ಕಲಿಯಲು ತಿಂಗಳುಗಳು ಬೇಕು, ಪಕ್ಕದಲ್ಲಿ ನಿಂತು ತಿದ್ದುವವರು ಬೇಕು. ಅಂಥವರು ಇಲ್ಲದಿದ್ದರೆ ಹಗುರ ಡಂಬೆಲ್ ಹಿಡಿದು ಹಾರಿ, ಮೆಡಿಸಿನ್ ಬಾಲ್ ಎಸೆಯಿರಿ. ಲಾಭದ ದೊಡ್ಡ ಪಾಲು ಅಲ್ಲೇ ಸಿಗುತ್ತದೆ.

ಪ್ರಶ್ನೆ: ಮೆಷಿನ್ ಒಳ್ಳೆಯದಾ, ಬಾರ್‌ಬೆಲ್ ಒಳ್ಳೆಯದಾ?

ಉತ್ತರ: ಆಟಗಾರರಿಗೆ ಹೆಚ್ಚಿನ ಸಮಯ ಬಾರ್‌ಬೆಲ್, ಡಂಬೆಲ್. ಮೈಯನ್ನು ತಾನೇ ಸಂಭಾಳಿಸಿಕೊಂಡು ಬಲ ಹಾಕುವುದನ್ನು ಅವು ಕಲಿಸುತ್ತವೆ. ಗಾಯವಾದಾಗ, ಒಂದೇ ಸ್ನಾಯುವಿಗೆ ಕೆಲಸ ಕೊಡಬೇಕಾದಾಗ, ತುಂಬಾ ಸುಸ್ತಾಗಿ ಭಂಗಿ ಕೆಡುತ್ತಿರುವಾಗ ಮೆಷಿನ್ ಒಳ್ಳೆಯದು. ಇದಕ್ಕೆ ಜಗಳ ಬೇಕಿಲ್ಲ.

ಪ್ರಶ್ನೆ: ಮಗಳಿಗೆ 13 ವರ್ಷ, ಫುಟ್‌ಬಾಲ್ ಆಡುತ್ತಾಳೆ. ಈಗಲೇ ಭಾರ ಎತ್ತಿದರೆ ಎತ್ತರ ಬೆಳೆಯುವುದು ನಿಲ್ಲುತ್ತದೆಯೇ?

ಉತ್ತರ: ಇಲ್ಲ ಅಮ್ಮಾ, ನಿಲ್ಲುವುದಿಲ್ಲ. ತಿಳಿದವರ ಕಣ್ಣೆದುರಲ್ಲಿ, ಸರಿಯಾದ ಭಂಗಿಯಲ್ಲಿ ಮಾಡಿದರೆ ಮಕ್ಕಳಿಗೂ ಇದು ಸುರಕ್ಷಿತ. ಅಪಾಯ ಇರುವುದು ಯಾರೂ ನೋಡಿಕೊಳ್ಳದೆ, ಹಠಕ್ಕೆ ಬಿದ್ದು ಎಷ್ಟು ಎತ್ತಬಲ್ಲೆ ಅಂತ ಪರೀಕ್ಷೆ ಮಾಡುವುದರಲ್ಲಿ. ನಿಮ್ಮ ಮಗಳಿಗೆ ಇದು ಬೇಕೇ ಬೇಕು ಅನ್ನುತ್ತೇನೆ, ಯಾಕೆಂದರೆ ಫುಟ್‌ಬಾಲಿನಂಥ ಆಟಗಳಲ್ಲಿ ಮಂಡಿಯ ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಕಟ್ಟು) ಹರಿಯುವ ಅಪಾಯ ಹುಡುಗರಿಗಿಂತ ಹುಡುಗಿಯರಿಗೆ ಜಾಸ್ತಿ, ಹದಿಹರೆಯದಲ್ಲಿ ಅದು ಏರುತ್ತದೆ, ಮತ್ತು ಕಾಲಿನ ಬಲ ಹೆಚ್ಚಿಸಿ ಹಾರಿ ಇಳಿಯುವುದನ್ನು ಸರಿಯಾಗಿ ಕಲಿಸಿದರೆ ಅದು ಕಡಿಮೆಯಾಗುತ್ತದೆ. ಇಳಿಯುವಾಗ ಮಂಡಿಗಳು ಒಳಕ್ಕೆ ವಾಲುತ್ತವೆಯೇ ನೋಡಿ. ವಾಲಿದರೆ ಅದನ್ನೇ ಮೊದಲು ತಿದ್ದಿಸಿ, ಬಾರ್‌ಬೆಲ್ ಆಮೇಲೆ.

ಪ್ರಶ್ನೆ: ಒಂದೇ ವರ್ಷದಲ್ಲಿ ಎರಡು ಸಲ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಬದಿಯ ಸ್ನಾಯು) ಎಳೆದುಕೊಂಡಿದ್ದೇನೆ. ಈಗ ನೋವಿಲ್ಲ. ಮತ್ತೆ ಆಗದಂತೆ ಏನು ಮಾಡಲಿ?

ಉತ್ತರ: ನಾರ್ಡಿಕ್ ಅನ್ನುವ ವ್ಯಾಯಾಮ ಮಾಡಿ. ಮಂಡಿಯೂರಿ ಕುಳಿತುಕೊಳ್ಳಿ, ಯಾರಾದರೂ ಹಿಮ್ಮಡಿ ಹತ್ತಿರ ಗಟ್ಟಿಯಾಗಿ ಹಿಡಿಯಲಿ, ಸೊಂಟ ಬಗ್ಗಿಸದೆ ಆದಷ್ಟು ನಿಧಾನವಾಗಿ ಮುಂದಕ್ಕೆ ಬೀಳುತ್ತಾ ಹೋಗಿ, ಕೊನೆಗೆ ಕೈ ಊರಿ. ವೇಗವಾಗಿ ಓಡುವಾಗ ಹ್ಯಾಮ್‌ಸ್ಟ್ರಿಂಗ್ ಸಾಮಾನ್ಯವಾಗಿ ಕೈಕೊಡುವುದು ಅದು ಉದ್ದವಾಗುತ್ತಾ ಕಾಲನ್ನು ತಡೆದು ಹಿಡಿಯುವ ಗಳಿಗೆಯಲ್ಲಿ. ಈ ವ್ಯಾಯಾಮ ಅದೇ ಕೆಲಸವನ್ನು ನಿಧಾನವಾಗಿ ಮಾಡಿಸುತ್ತದೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಇದನ್ನು ಮಾಡಿಸಿದ ತಂಡಗಳಲ್ಲಿ ಇಂಥ ಗಾಯ ಸುಮಾರು ಅರ್ಧಕ್ಕೆ ಇಳಿದದ್ದು ಕಂಡಿದೆ. ಇಷ್ಟು ಅಗ್ಗದ ಮದ್ದು ಬೇರೆ ಯಾವುದಿದೆ?

ಆದರೂ ಜನ ಬಿಟ್ಟುಬಿಡುತ್ತಾರೆ, ಯಾಕೆಂದರೆ ಒಂದೆರಡು ದಿನ ಬಿಟ್ಟು ಬರುವ ನೋವು ವಿಪರೀತ. ಮೊದಲ ದಿನವೇ ಉತ್ಸಾಹದಲ್ಲಿ 30 ಮಾಡಿದವರು ಮೆಟ್ಟಿಲು ಇಳಿಯಲಾಗದೆ ಒದ್ದಾಡಿದ್ದನ್ನು ಕಂಡಿದ್ದೇನೆ. ಮೊದಲ ವಾರ ಒಂದೇ ದಿನ, ಐದೈದರ ಎರಡು ಸೆಟ್. ಆಮೇಲೆ ವಾರವಾರ ಸ್ವಲ್ಪ ಏರಿಸಿ. ಮ್ಯಾಚ್‌ಗೆ ಮೂರು ದಿನ ಇರುವಾಗಲೇ ಮುಗಿಸಿ. ಯಾವುದೇ ಹೊಸ ವ್ಯಾಯಾಮ ಅತಿಯಾದ ಮೇಲೆ ಸ್ನಾಯು ಊದಿ, ಮೂತ್ರ ಗಾಢ ಕಂದು ಬಣ್ಣಕ್ಕೆ ತಿರುಗಿದರೆ ಮಾತ್ರ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಅದು ಸ್ನಾಯು ಒಡೆದು ಕಿಡ್ನಿಗೆ ಪೆಟ್ಟು ಬೀಳುತ್ತಿರುವ ಲಕ್ಷಣ ಇರಬಹುದು.

ಸೀಸನ್ ಶುರುವಾಯಿತು ಅಂತ ನಾರ್ಡಿಕ್ ನಿಲ್ಲಿಸಬೇಡಿ. ಬಿಟ್ಟ ಕೆಲವೇ ವಾರಗಳಲ್ಲಿ ಗಳಿಸಿದ ಬಲ ಕರಗತೊಡಗುತ್ತದೆ. ಉಳಿಸಿಕೊಳ್ಳಲು ವಾರಕ್ಕೆ ಒಂದು ದಿನ ಸಾಕು.