ತೊಡೆದೇವಿನ ಡಬ್ಬಿ

ಪ್ರೋಟೀನುಗಳು ಹೇಗೆ ಮಡಿಚಿಕೊಳ್ಳುತ್ತವೆ, ಯಾವಾಗ ಒಂದಕ್ಕೊಂದು ಅಂಟಿ ಗಂಟಾಗುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವುದು ನನ್ನ ಕೆಲಸ. ಓದುಗರ ಪ್ರಶ್ನೆಗಳಿಗೆ ಈ ತಿಂಗಳ ಉತ್ತರಗಳನ್ನು ಬರೆದದ್ದು ಶಿರಸಿ ಹತ್ತಿರದ ನಮ್ಮನೆ ಜಗುಲಿಯಲ್ಲಿ. ಹೊರಗೆ ಮಳೆ, ಬೆಳಿಗ್ಗೆಯಿಂದ ಕರೆಂಟಿಲ್ಲ. ಅಕ್ಷರ ಸೊಟ್ಟಗಿದ್ದರೆ ಸಂಪಾದಕರು ತಿದ್ದಿಕೊಳ್ಳಲಿ.

ಪ್ರಶ್ನೆ: ಅಕ್ಕಾ, ನಾನು ಶಿರಸಿಯಲ್ಲಿ ಬಿಎಸ್ಸಿ ಕೊನೇ ವರ್ಷ. ಆಲ್ಫಾಫೋಲ್ಡ್ ಎಂಬ ಎಐ 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಆಕಾರ ಹೇಳಿಬಿಟ್ಟಿದೆಯಂತೆ, 2024ರ ನೊಬೆಲ್ ಕೂಡ ಬಂತು. ಹಾಗಾದರೆ ನಿಮಗೆ ಉಳಿದ ಕೆಲಸ ಏನು? ನಾನು ಈ ಕಡೆ ಬರಬಹುದೇ?

ಉತ್ತರ: ತಂಗೀ, ಇದನ್ನೇ ನನ್ನ ಸೋದರಮಾವ ಅಡಿಕೆ ಸುಲಿಯುತ್ತ ಕೂತಿದ್ದಾಗ ಕೇಳಿದ್ದ, ಇನ್ನೂ ಖಾರವಾಗಿ: ‘ಎಲ್ಲಾ ಕಂಪ್ಯೂಟರೇ ಮಾಡ್ತು ಹೇಳಾದ್ರೆ ನಿಂಗೆಂತಕ್ಕೆ ಸಂಬ್ಳ?’ ಅವತ್ತು ನಾನು ಒಳಗೆ ಹೋಗಿ ತೊಡೆದೇವಿನ ಡಬ್ಬಿ ತಂದಿಟ್ಟೆ.

ತೊಡೆದೇವು, ನಮ್ಮ ಕಡೆಯ ಆ ಕಾಗದದಂಥ ತೆಳು ಸಿಹಿತಿಂಡಿ, ಮಾಡುವುದನ್ನು ನೀನು ನೋಡಿರುತ್ತೀ. ಕಬ್ಬಿನಹಾಲು, ಅಕ್ಕಿಹಿಟ್ಟಿನ ತೆಳು ಹಿಟ್ಟನ್ನು ಬೋರಲು ಮಡಕೆಯ ಮೇಲೆ ಬಟ್ಟೆಯಿಂದ ಎಳೆದು, ಬಿಸಿ ಇರುವಾಗಲೇ ಮಡಿಚಬೇಕು. ಪ್ರೋಟೀನನ್ನು ಮಡಿಚಲು ಆಯಿ ಬೇಡ. ಅದು ಅಮೈನೋ ಆಮ್ಲಗಳ ಉದ್ದನೆಯ ಸರ. ಮಡಿಕೆಯ ಗುಟ್ಟು ಆ ಸರದ ಜೋಡಣೆಯಲ್ಲೇ ಇರುತ್ತದೆ. ಅಮೆರಿಕದ ಆನ್‌ಫಿನ್ಸನ್ 124 ಅಮೈನೋ ಆಮ್ಲಗಳ ರೈಬೋನ್ಯೂಕ್ಲಿಯೇಸ್ ಎಂಬ ಪ್ರೋಟೀನನ್ನು ಯೂರಿಯಾದಲ್ಲಿ ಪೂರ್ತಿ ಬಿಚ್ಚಿ, ಮತ್ತೆ ಯೂರಿಯಾ ತೆಗೆದಾಗ ಅದು ತಾನೇ ಮೊದಲಿನ ಆಕಾರಕ್ಕೆ ಬಂತು. 1972ರಲ್ಲಿ ಆತನಿಗೆ ನೊಬೆಲ್ ಬಂತು. ಸರ ಯಾವ ಕೋನಗಳಲ್ಲಿ ಬಾಗಬಹುದು, ಯಾವುದರಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ ಎಂಬ ನಕ್ಷೆಯನ್ನು ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಮದ್ರಾಸಿನಿಂದ ಪ್ರಕಟಿಸಿದರು. ಇವತ್ತಿಗೂ ಹೊಸ ಆಕಾರವೊಂದು ಕೈಗೆ ಬಂದರೆ ನಾನು ಮೊದಲು ಆ ನಕ್ಷೆಯ ಮೇಲೆ ಹಾಕಿ ನೋಡುತ್ತೇನೆ.

ಆಲ್ಫಾಫೋಲ್ಡ್ ಹೇಳುವುದು ಒಂದು ತೊಡೆದೇವು ಸರಿಯಾಗಿ ಮಡಿಚಿದರೆ ಹೇಗಿರುತ್ತದೆ ಎಂಬುದನ್ನು. ಅದೂ ಎಷ್ಟು ಚಂದ ಹೇಳುತ್ತದೆ ಅಂದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ಆದರೆ ನನ್ನ ಪ್ರಶ್ನೆ ಡಬ್ಬಿಯದು. ಆಷಾಢದಲ್ಲಿ ಮುಚ್ಚಳ ಸಡಿಲಾಗಿದ್ದ ಡಬ್ಬಿಗೆ ಕೈ ಹಾಕಿದರೆ ಒಂದರ ಜೊತೆ ನಾಲ್ಕು ಎದ್ದು ಬರುತ್ತವೆ, ಬಿಡಿಸಲು ಹೋದರೆ ಹರಿಯುತ್ತವೆ. ಎಷ್ಟು ಒತ್ತಿ ತುಂಬಿದ್ದರು, ಎಷ್ಟು ತೇವ ಹೊಕ್ಕಿತು, ಎಷ್ಟು ದಿನ ಇಟ್ಟಿದ್ದರು? ಒಂದೇ ಒಂದರ ಚಿತ್ರ ನೋಡಿ ಇದನ್ನು ಹೇಳಲಾಗದು. ಪ್ರೋಟೀನಿನಲ್ಲೂ ಅಷ್ಟೇ. ನೀರಿಗೆ ಅಂಜುವ ಅಮೈನೋ ಆಮ್ಲಗಳು ಸಾಮಾನ್ಯವಾಗಿ ಮಡಿಕೆಯ ಒಳಗೆ ಅಡಗಿರುತ್ತವೆ. ಬಿಸಿಯಿಂದಲೋ ಹುಳಿಯಿಂದಲೋ ಮಡಿಕೆ ಸ್ವಲ್ಪ ಬಿಚ್ಚಿ ಅವು ಹೊರಗೆ ಬಂದರೆ, ಪಕ್ಕದ ಅಣುವಿನ ಅಂಥದೇ ಜಾಗಕ್ಕೆ ಹೋಗಿ ಅಂಟುತ್ತವೆ. ಕೆಲವೊಮ್ಮೆ ಅವು ಪಟ್ಟಿಗಳಂತೆ ಚಾಚಿಕೊಂಡು ಒಂದರ ಮೇಲೊಂದು ಕೂರುತ್ತವೆ, ಆ ಪೇರಿಕೆಗೆ ಅಮೈಲಾಯ್ಡ್ ಎಂದು ಹೆಸರು. ಒಂದು ಪಟ್ಟಿಗೂ ಇನ್ನೊಂದಕ್ಕೂ ನಡುವಿನ ಅಂತರ 4.7 ಆಂಗ್‌ಸ್ಟ್ರಮ್, ಅಂದರೆ ಮಿಲಿಮೀಟರಿನ ಕೋಟಿಯ ಒಂದು ಪಾಲಿನ ಐದರಷ್ಟೂ ಇಲ್ಲ. ಬಹುತೇಕ ಎಲ್ಲ ಅಮೈಲಾಯ್ಡಿನಲ್ಲೂ ಇದೇ ಅಳತೆ.

ಇದನ್ನು ಕಂಪ್ಯೂಟರಿನಲ್ಲಿ ನೋಡುವುದು ಸಂಕಟದ ಕೆಲಸ. ಅಣುಗಳ ಚಲನೆಯನ್ನು ಎರಡು ಫೆಮ್ಟೋಸೆಕೆಂಡಿಗೆ ಒಂದು ಹೆಜ್ಜೆಯಂತೆ ಲೆಕ್ಕ ಹಾಕುತ್ತೇವೆ. ಒಂದು ಮೈಕ್ರೋಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು, ನೋಡಲು 50 ಕೋಟಿ ಹೆಜ್ಜೆ. ಪ್ರನಾಳದಲ್ಲಿ ಗಂಟಾಗಲು ತಾಸುಗಟ್ಟಲೆ ಬೇಕು, ಮಿದುಳಿನಲ್ಲಿ ವರ್ಷಗಟ್ಟಲೆ. ಹಾಗಾಗಿ ನಮಗೆ ಸಿಗುವುದು ಎರಡು ಮೂರು ಅಣು ಮೊದಲ ಸಲ ಕೈ ಹಿಡಿದ ಗಳಿಗೆ ಮಾತ್ರ. ಪಿಎಚ್‌ಡಿಯ ಎರಡನೇ ವರ್ಷ ನಾನು ಪ್ರೋಟೀನಿನ ಎಂಟು ಪುಟ್ಟ ತುಣುಕುಗಳನ್ನು ನೀರಿನ ಪೆಟ್ಟಿಗೆಯಲ್ಲಿ ಬಿಟ್ಟು ಮೂರು ವಾರ ಓಡಿಸಿದೆ. ಎಂಟೂ ಸೇರಿ ಚಂದದ ಉಂಡೆಯಾಯಿತು. ಖುಷಿಯಲ್ಲಿ ಎಲ್ಲರಿಗೂ ತೋರಿಸಿದೆ. ಪ್ರಯೋಗಶಾಲೆಯ ಗೆಳತಿ ಅದೇ ತುಣುಕುಗಳನ್ನು ನಿಜವಾದ ನೀರಿನಲ್ಲಿ ಇಟ್ಟಳು, ತಿಂಗಳಾದರೂ ತಿಳಿಯಾಗಿಯೇ ಇತ್ತು. ತಪ್ಪು ಎಲ್ಲಿತ್ತೆಂದರೆ, ಅಣುಗಳ ಸೆಳೆತ ಎಷ್ಟು ಎಂದು ಹೇಳುವ ಕೋಷ್ಟಕ, ನಾವು ಫೋರ್ಸ್ ಫೀಲ್ಡ್ ಅನ್ನುವುದು, ಆಗಿನ ಕಾಲದ್ದು ಜಾಸ್ತಿಯೇ ಅಂಟು. ಅದರಲ್ಲಿ ಏನು ಹಾಕಿದರೂ ಉಂಡೆ! ಈಗ ನೀರಿನ ಲೆಕ್ಕ ಸರಿಪಡಿಸಿದ ಹೊಸ ಕೋಷ್ಟಕಗಳಿವೆ. ಆದರೂ ಉಂಡೆ ಕಂಡರೆ ನನಗೆ ಮೊದಲು ಬರುವುದು ಅನುಮಾನವೇ.

ಬರಬಹುದೇ ಅಂದೆಯಲ್ಲ. ಇವತ್ತೇ ಆಲ್ಫಾಫೋಲ್ಡ್ ಸಂಗ್ರಹದಲ್ಲಿ ಯಾವುದಾದರೂ ಮಾನವ ಪ್ರೋಟೀನು ತೆರೆ. ನೀಲಿ ಬಣ್ಣದ ಜಾಗದಲ್ಲಿ ಅದಕ್ಕೆ ಗಟ್ಟಿ ನಂಬಿಕೆ ಇದೆ, ಕಿತ್ತಳೆ ಬಣ್ಣದಲ್ಲಿ ಇಲ್ಲ. ಎಷ್ಟೋ ಪ್ರೋಟೀನುಗಳ ಸುತ್ತ ಚೆಲ್ಲಿದ ಶ್ಯಾವಿಗೆಯಂತೆ ಕಿತ್ತಳೆ ಎಳೆಗಳು ತೇಲುತ್ತಿರುತ್ತವೆ. ಅವುಗಳಲ್ಲಿ ಹಲವಕ್ಕೆ ಒಂದೇ ಆಕಾರ ಅಂತ ಇಲ್ಲವೇ ಇಲ್ಲ. ನನ್ನ ಸಂಬಳ ಅಲ್ಲಿಂದ ಬರುತ್ತದೆ. ಗಣಿತ ಬಿಡಬೇಡ, ಪೈಥಾನ್ ಪ್ರೋಗ್ರಾಮಿಂಗ್ ಕಲಿ.

ಪ್ರಶ್ನೆ: ಮೇಡಮ್, ಹೊನ್ನಾವರದಲ್ಲಿ ನಮ್ಮದು ಸಣ್ಣ ಅಂಗಡಿ. ಯಜಮಾನರ ಇನ್ಸುಲಿನ್ ಮೇ ತಿಂಗಳಲ್ಲಿ ಒಂದಿಡೀ ದಿನ ಸ್ಕೂಟರಿನ ಸೀಟಿನಡಿ ಉಳಿಯಿತು. ಬಾಟಲಿ ನೋಡಲಿಕ್ಕೆ ಸರಿಯೇ ಇದೆ. ಬಳಸಬಹುದೇ?

ಉತ್ತರ: ಬಳಸಬೇಡಿ, ಹೊಸದು ತನ್ನಿ. ದುಡ್ಡು ಹೋಯಿತೆಂಬ ಸಂಕಟ ಗೊತ್ತು. ಇನ್ಸುಲಿನ್ 51 ಅಮೈನೋ ಆಮ್ಲಗಳ ಚಿಕ್ಕ ಪ್ರೋಟೀನು. ಬಾಟಲಿಯಲ್ಲಿ ಆರಾರು ಅಣುಗಳು ಸತುವಿನ ಸುತ್ತ ಗುಂಪು ಕಟ್ಟಿಕೊಂಡಿರುತ್ತವೆ, ಹಾಗಿರುವ ತನಕ ಕ್ಷೇಮ. ಬಿಸಿ ತಾಗಿ, ಗುಂಪು ಒಡೆದು, ಗಾಡಿಯ ಕುಲುಕಾಟಕ್ಕೆ ಗಾಳಿ-ನೀರು ಸೇರುವ ಮೇಲ್ಭಾಗಕ್ಕೆ ಬಂದ ಬಿಡಿ ಅಣುಗಳು ಬಿಚ್ಚಿ ಎಳೆ ಕಟ್ಟತೊಡಗುತ್ತವೆ. ಕಣ್ಣಿಗೆ ಮೋಡದಂತೆ ಕಾಣುವ ಮೊದಲೇ ಔಷಧಿಯ ಕಸುವು ಇಳಿದಿರಬಹುದು. ತಿಳಿಯಾಗಿರಬೇಕಾದ ಇನ್ಸುಲಿನ್ ಮಬ್ಬಾದರೆ, ತುಣುಕು ತೇಲಿದರೆ ಖಂಡಿತ ಎಸೆಯಿರಿ. (ಕೆಲವು ಬಗೆಯದು ಇರುವುದೇ ಮಬ್ಬಾಗಿ, ಅದನ್ನು ಕುಲುಕದೆ ಅಂಗೈಯಲ್ಲಿ ಮೆಲ್ಲಗೆ ಉರುಳಿಸಬೇಕು.) ತೆರೆಯದ ಬಾಟಲಿ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಲಿ, ಐಸ್ ಪೆಟ್ಟಿಗೆಯಲ್ಲಿ ಬೇಡ, ಹೆಪ್ಪುಗಟ್ಟಿದರೂ ಕೆಟ್ಟಿತು. ಚುಚ್ಚುವ ಜಾಗವನ್ನೂ ಬದಲಿಸುತ್ತಿರಿ. ಒಂದೇ ಕಡೆ ವರ್ಷಗಟ್ಟಲೆ ಚುಚ್ಚಿದವರ ಚರ್ಮದಡಿ ಇನ್ಸುಲಿನ್ನೇ ಅಮೈಲಾಯ್ಡ್ ಗಂಟಾದದ್ದಿದೆ.

ಪ್ರಶ್ನೆ: ಕುಮಟಾದಿಂದ ಬರೆಯುತ್ತಿದ್ದೇನೆ. ಅಮ್ಮನಿಗೆ 74. ಆಲ್ಝೈಮರ್ ಅಂದರು. ಪಕ್ಕದಮನೆಯವರು ಅಲ್ಯೂಮಿನಿಯಂ ಪಾತ್ರೆಯ ಅಡುಗೆಯಿಂದ ಎನ್ನುತ್ತಾರೆ. ಮಿದುಳಿನ ಈ ಗಂಟು ಕರಗಿಸುವ ಔಷಧಿ ಇದೆಯೇ?

ಉತ್ತರ: ಪಾತ್ರೆಯಿಂದ ಬಂತೆಂಬುದಕ್ಕೆ ಪುರಾವೆ ಇಲ್ಲ. ನಿಮ್ಮ ಅಡುಗೆಮನೆಯನ್ನು ಬೈದುಕೊಳ್ಳಬೇಡಿ. ಮಿದುಳಿನಲ್ಲಿ ದೊಡ್ಡದೊಂದು ಪ್ರೋಟೀನು ತುಂಡಾಗುತ್ತ ಅಮೈಲಾಯ್ಡ್ ಬೀಟಾ ಎಂಬ ಚೂರು ಎಲ್ಲರಲ್ಲೂ ಹುಟ್ಟುತ್ತಲೇ ಇರುತ್ತದೆ, ನನ್ನಲ್ಲೂ. ಹೆಚ್ಚಿನವು 40 ಅಮೈನೋ ಆಮ್ಲದವು, ಕೆಲವು 42ರವು. ತುದಿಯ ಆ ಎರಡೇ ಎರಡು ಹೆಚ್ಚು, ಎರಡೂ ನೀರಿಗೆ ಅಂಜುವಂಥವು, ಚೂರನ್ನು ಬಹಳ ಅಂಟು ಮಾಡುತ್ತವೆ. ವಯಸ್ಸಾದಂತೆ ಇವನ್ನು ಗುಡಿಸಿ ಹಾಕುವ ವ್ಯವಸ್ಥೆ ಸೋಲುತ್ತದೆ. ಟಾವ್ ಎಂಬ ಇನ್ನೊಂದು ಪ್ರೋಟೀನಿನ ಗಂಟುಗಳೂ ಜೊತೆಗಿರುತ್ತವೆ.

ಔಷಧಿ ಇದೆ, ಆದರೆ ನೀವು ಅಂದುಕೊಂಡಷ್ಟಲ್ಲ. ಲೆಕಾನೆಮ್ಯಾಬ್ ಎಂಬ ಪ್ರತಿಕಾಯಕ್ಕೆ 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಸಿಕ್ಕಿತು. ಅದು ಗಂಟುಗಳನ್ನು ಚೆನ್ನಾಗಿಯೇ ತೆಗೆಯುತ್ತದೆ. ಆದರೆ 18 ತಿಂಗಳ ಪರೀಕ್ಷೆಯಲ್ಲಿ ಕುಸಿತ ಸುಮಾರು ಶೇಕಡಾ 27ರಷ್ಟು ನಿಧಾನವಾಯಿತೇ ಹೊರತು ಹೋದ ನೆನಪು ಮರಳಲಿಲ್ಲ. ಶುರುವಿನ ಹಂತದವರಿಗೆ ಮಾತ್ರ ಕೊಡುತ್ತಾರೆ, ಕೆಲವರಿಗೆ ಮಿದುಳಿನಲ್ಲಿ ಬಾವು, ರಕ್ತಸ್ರಾವದ ಅಪಾಯವೂ ಇದೆ. ಅಮ್ಮ ಯಾವ ಹಂತದಲ್ಲಿದ್ದಾರೆ ಎಂದು ನರರೋಗ ತಜ್ಞರನ್ನೇ ಕೇಳಿ. ನನ್ನದು ಕಂಪ್ಯೂಟರಿನ ಕೆಲಸ, ನಾನು ವೈದ್ಯಳಲ್ಲ. ಒಂದು ಮಾತ್ರ ಹೇಳಬಲ್ಲೆ: ಊಟ ಮಾಡಿ ಹತ್ತು ನಿಮಿಷಕ್ಕೆ ‘ನಂಗೆ ಊಟ ಹಾಕಲಿಲ್ಲ’ ಅಂದಾಗ ಅವರು ಹಟ ಮಾಡುತ್ತಿಲ್ಲ. ನನ್ನ ಅಜ್ಜಿಯ ಹತ್ತಿರ ನಾವು ಎರಡು ವರ್ಷ ವಾದ ಮಾಡಿದೆವು.

ಪ್ರಶ್ನೆ: ಕಾರವಾರದಲ್ಲಿ ನಮ್ಮನೆ ಶೆಟ್ಲಿಗೆ (ಸೀಗಡಿಗೆ) ಲಿಂಬೆಹುಳಿ ಹಿಂಡಿಟ್ಟರೆ ಅರ್ಧ ತಾಸಿಗೆ ಬೆಳ್ಳಗೆ, ಗಟ್ಟಿಯಾಗುತ್ತದೆ. ಬೆಂದ ಹಾಗೆಯೇ ಅಲ್ಲವೇ?

ಉತ್ತರ: ನಮ್ಮನೆಯಲ್ಲಿ ಮೀನಿಲ್ಲ, ನಿಮ್ಮೂರಿನ ಸಹೋದ್ಯೋಗಿಯ ಡಬ್ಬಿ ನೋಡಿ ಗೊತ್ತು. ಪ್ರೋಟೀನಿನ ಮಟ್ಟಿಗೆ ನಿಮ್ಮ ಮಾತು ಸರಿ, ಬಿಸಿ ಮಾಡುವುದನ್ನೇ ಹುಳಿಯೂ ಮಾಡಿದೆ: ಮಡಿಕೆ ಬಿಚ್ಚಿದೆ, ಅಂಟಿಸಿದೆ, ಬೆಳಕು ಚದುರಿ ಬೆಳ್ಳಗೆ ಕಂಡಿದೆ. ಆದರೆ ಬೆಂಕಿಯಷ್ಟು ಖಾತ್ರಿಯಾಗಿ ಹುಳಿ ಕ್ರಿಮಿಗಳನ್ನು ಕೊಲ್ಲುವುದಿಲ್ಲ. ಬಾಣಲೆಗೆ ಹಾಕಿ.