ಚಾಲನಾ ಪರವಾನಗಿಯಲ್ಲಿ ಅಂಗಾಂಗ ದಾನಕ್ಕೆ ಒಪ್ಪಿದರೆ ಅಷ್ಟೇ ಸಾಕೇ?

ಡಿಎಲ್ ಅರ್ಜಿಯಲ್ಲಿರುವ ಅಂಗಾಂಗ ದಾನದ ಪ್ರಶ್ನೆಗೆ ‘ಹೌದು’ ಎಂದು ಗುರುತಿಸಿದರೆ ಬೇರೇನೂ ಮಾಡಬೇಕಿಲ್ಲವೇ ಎಂದು ಕೇಳಿದ್ದೀರಿ. ಆ ಗುರುತು ನಿಮ್ಮ ಇಚ್ಛೆಯನ್ನು ದಾಖಲಿಸುತ್ತದೆ. ಆದರೆ ಭಾರತದಲ್ಲಿ 1994ರ ಮಾನವ ಅಂಗಾಂಗ ಕಸಿ ಕಾಯ್ದೆಯಂತೆ ನಾಲ್ವರು ವೈದ್ಯರ ಮಂಡಳಿಯು ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಮಿದುಳು ಸಾವನ್ನು (ಮಿದುಳಿನ ಕೆಲಸ ಶಾಶ್ವತವಾಗಿ ನಿಂತ ಸ್ಥಿತಿಯನ್ನು) ದೃಢಪಡಿಸಿದ ಬಳಿಕವೂ, ಹತ್ತಿರದ ಸಂಬಂಧಿಕರ ಒಪ್ಪಿಗೆಯಿಲ್ಲದೆ ಆಸ್ಪತ್ರೆಗಳು ಮುಂದುವರಿಯುವುದಿಲ್ಲ. ತೀವ್ರ ನಿಗಾ ಘಟಕದ ಹೊರಗೆ ಕಂಗೆಟ್ಟು ನಿಂತ ಮನೆಯವರಿಗೆ ಪರ್ಸಿನೊಳಗಿನ ಕಾರ್ಡು ನೆನಪಾಗುವುದಾದರೂ ಹೇಗೆ? ಆದ್ದರಿಂದ ನಿಮ್ಮ ನಿರ್ಧಾರವನ್ನು ಅವರಿಗೆ ಮೊದಲೇ ತಿಳಿಸುವುದು ಕಾರ್ಡಿಗಿಂತ ಮುಖ್ಯವೆಂಬುದು ನನ್ನ ಅಭಿಪ್ರಾಯ. ಈಗಾಗಲೇ ಪರವಾನಗಿ ಪಡೆದಿರುವವರು ಅದರ ನವೀಕರಣಕ್ಕೆ ಕಾಯದೆ, ಅಂಗಾಂಗ ಮತ್ತು ಅಂಗಾಂಶ ಕಸಿಯ ರಾಷ್ಟ್ರೀಯ ಸಂಸ್ಥೆಯಾದ ನೊಟ್ಟೊದ (NOTTO) ಜಾಲತಾಣದಲ್ಲಿ ಆಧಾರ್ ಮೂಲಕ ಪ್ರತಿಜ್ಞೆಯನ್ನು ನೋಂದಾಯಿಸಬಹುದು. ಕರ್ನಾಟಕದಲ್ಲಿ ಈ ದಾನದ ಸಮನ್ವಯವನ್ನು ‘ಜೀವಸಾರ್ಥಕತೆ’ ಸಂಸ್ಥೆ ನೋಡಿಕೊಳ್ಳುತ್ತದೆ.