ಪ್ಯಾಕ್ ಆಮೇಲೆ, ಮೊದಲು ಖೋಲಿ ಅಳತೆ ಹೇಳ್ರಿ

ಮನೆಯಲ್ಲೇ ಹೌಸ್ ಮ್ಯೂಸಿಕ್ (ಕುಣಿಯೋ ಎಲೆಕ್ಟ್ರಾನಿಕ್ ಸಂಗೀತ) ಮಾಡ್ತೀನಿ, ಕಿಕ್‌ಗೆ, ಅಂದ್ರೆ ಧಡ್ ಅಂತ ಬೀಳೋ ದೊಡ್ಡ ಡ್ರಮ್ಮಿನ ಸದ್ದಿಗೆ, ತೂಕವೇ ಬರ್ತಿಲ್ಲ, 808 ಡ್ರಮ್ ಮಷೀನಿನ ಸದ್ದುಗಳ ಪ್ಯಾಕ್ ಕೊಳ್ಳಲೋ 909 ಮಷೀನಿಂದು ಕೊಳ್ಳಲೋ ಅಂತ ಕೇಳಿದ್ದೀರಿ. ಎರಡೂ ಬೇಡ. ನಾನು ಇದೇ ಪ್ರಶ್ನೆಗೆ ಎರಡು ವರ್ಷ, ಹದಿನೆಂಟು ಸಾವಿರ ರೂಪಾಯಿ ಸುರಿದವನು.

ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮ ಮನೆ. ಮಾಳಿಗೆ ಮೇಲಿನ ಖೋಲಿ ನನ್ನ ಸ್ಟುಡಿಯೋ: ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರ, ನೆಲಕ್ಕೆ ಶಹಾಬಾದಿ ಪರಸಿ. ಟೇಬಲ್ ಹೇಗೆ ಇಟ್ಟಿದ್ದೆ ಅಂದ್ರೆ, ಕುರ್ಚಿ ಸರಿಯಾಗಿ ಖೋಲಿಯ ನಟ್ಟನಡುವೆ ಬರಬೇಕು. ಫ್ಯಾನ್ ಅಲ್ಲೇ ಇತ್ತು ನೋಡ್ರಿ, ಮೇ ತಿಂಗಳಲ್ಲಿ ನಮ್ಮ ಊರಾಗ ಫ್ಯಾನಿನ ಕೆಳಗೆ ಬಿಟ್ಟು ಬೇರೆ ಎಲ್ಲಿ ಕೂಡಬೇಕು?

ಯಾವ ಕಿಕ್ ಹಾಕಿದರೂ ಪಾಪಡ ಮುರಿದಂಗೆ ಕೇಳ್ತಿತ್ತು. ಪ್ಯಾಕೇ ಸರಿಯಿಲ್ಲ ಅಂತ ಇನ್ನೊಂದು ಕೊಂಡೆ. ಅದೂ ಹಂಗೇ. ಕೊನೆಗೆ ಮೂರು ಕಿಕ್ ಒಂದರ ಮೇಲೊಂದು ಹೇರಿ, ಈಕ್ವಲೈಜರ್‌ನಲ್ಲಿ (ತಗ್ಗು, ಏರು ಸದ್ದುಗಳನ್ನ ಬೇರೆ ಬೇರೆ ಹೆಚ್ಚುಕಮ್ಮಿ ಮಾಡೋ ಸಾಧನ) 55 ಹರ್ಟ್ಜ್ (ಸೆಕೆಂಡಿಗೆ 55 ಅಲೆ, ತೀರಾ ತಗ್ಗಿನ ಸದ್ದು) ಹತ್ತಿರ 9 ಡೆಸಿಬಲ್ ಜೋರು ಏರಿಸಿದೆ. ಆಗ ಸ್ವಲ್ಪ ಎದೆಗೆ ಬಡಿದಂಗಾಯ್ತು. ಚಹಾ ತಂದ ಅವ್ವ ಬಾಗಿಲಲ್ಲೇ ನಿಂತು, "ಏನೋ ಅದು, ಗ್ವಾಡಿ ನಡಗಲಕತ್ತಾವ, ಸಣ್ಣ ಮಾಡು" ಅಂದಳು. "ಅವ್ವಾ, ಬೇಸ್ ಇನ್ನಾ ಬಂದೇ ಇಲ್ಲ" ಅಂದೆ ನಾನು.

ಆ ವರ್ಷ ಗಣಪತಿ ಮೆರವಣಿಗೆಗೆ ಗೆಳೆಯನ ಡಿಜೆ ಗಾಡಿ ಇತ್ತು, 18 ಇಂಚಿನ ಬೇಸ್ ಬಾಕ್ಸ್‌ಗಳು. ಜಗತ್ ಸರ್ಕಲ್ ಹತ್ತಿರ ನನ್ನ ಟ್ರ್ಯಾಕ್ ಹಾಕಿದ. ಕಿಕ್ ಬಿದ್ದ ತಕ್ಷಣ ಆಂಪ್ಲಿಫೈಯರಿನ ಕೆಂಪು ದೀಪ ಹತ್ತಿತು. ಚಪ್ಪಾಳೆ ಸದ್ದಿನ ಕ್ಲ್ಯಾಪ್ ಇಲ್ಲ, ಮೆಲೊಡಿ ಇಲ್ಲ, ಬರೀ ಗುಂಯ್ ಅನ್ನೋ ಶಬ್ದ. "ಬಂದ್ ಮಾಡಲೇ, ಬಾಕ್ಸ್ ಹೋಗ್ತಾವ!" ಅಂತ ಗೆಳೆಯನೇ ಒದರಿ ವೈರ್ ಕಿತ್ತ. ಕುಣೀತಿದ್ದವರೆಲ್ಲ ನಿಂತು ನನ್ನ ಮಾರಿ ನೋಡಿದರು. ಆ ಸೀಸನ್‌ನಲ್ಲಿ ಮತ್ತೆ ಯಾರೂ ನನ್ನನ್ನ ಕರೀಲಿಲ್ಲ.

ತಪ್ಪು ಎಲ್ಲಿತ್ತು ಅಂತ ವಿವರವಾಗಿ ಹೇಳ್ತೀನಿ, ಬ್ಯಾಸರ ಮಾಡ್ಕೋಬೇಡಿ. ಶಬ್ದ ಸೆಕೆಂಡಿಗೆ ಸುಮಾರು 1,125 ಅಡಿ ಓಡುತ್ತೆ. ಎದುರುಬದುರು ಗೋಡೆಗಳ ನಡುವೆ ಹತ್ತಡಿ ಇದ್ದರೆ, ಅರ್ಧ ಅಲೆ ಸರಿಯಾಗಿ ಹಿಡಿಸೋದು 56 ಹರ್ಟ್ಜ್‌ನಲ್ಲಿ. ನಮ್ಮ ಬ್ಯಾಸಿಗಿಯಲ್ಲಿ ಗಾಳಿ ಕಾದು ಶಬ್ದದ ವೇಗ ಹೆಚ್ಚೋದರಿಂದ ಇನ್ನೊಂದೆರಡು ಜಾಸ್ತಿ. ಆ ಅಲೆ ಗೋಡೆಯಿಂದ ಗೋಡೆಗೆ ಬಡಿದು ನಿಂತುಬಿಡುತ್ತೆ: ಗೋಡೆ ಬುಡದಲ್ಲಿ ಒತ್ತಡ ಜೋರು, ನಟ್ಟನಡುವೆ ಹೆಚ್ಚುಕಮ್ಮಿ ಸೊನ್ನೆ. ನನ್ನ ಟ್ರ್ಯಾಕ್ ಎ ಮೈನರ್‌ನಲ್ಲಿತ್ತು, ಕಿಕ್ ಕೂಡ ಎ ಸ್ವರಕ್ಕೇ ಕೂಡಿಸಿದ್ದೆ, ಅಂದ್ರೆ 55 ಹರ್ಟ್ಜ್. ಕಿಕ್‌ನಲ್ಲಿ ಬೇಸ್ ಮೊದಲಿನಿಂದಲೂ ಇತ್ತು. ಅದು ಇಲ್ಲದ ಜಾಗದಲ್ಲೇ ನಾನು ಕುರ್ಚಿ ಹಾಕಿದ್ದೆ. ಬಾಗಿಲು ಗೋಡೆಯಲ್ಲಿತ್ತಲ್ಲ, ಅಲ್ಲಿ ನಿಂತ ಅವ್ವನಿಗೆ ಎಲ್ಲಾ ಕೇಳ್ತಿತ್ತು. ಇಲ್ಲದ ಕೊರತೆ ತುಂಬಲಿಕ್ಕೆ ನಾನು ಏರಿಸಿದ 9 ಡೆಸಿಬಲ್ ಅಂದ್ರೆ ಆ 55 ಹರ್ಟ್ಜ್ ಹತ್ತಿರ ಆಂಪ್ಲಿಫೈಯರಿಗೆ ಎಂಟು ಪಟ್ಟು ಹೊರೆ. ಮೇಲೆ ಮೂರು ಕಿಕ್‌ಗಳ ಹೊರೆ ಬೇರೆ. ಬೀದಿಯಲ್ಲಿ ಬೇಸ್ ಮಾಯ ಮಾಡೋ ನಾಲ್ಕು ಗೋಡೆ ಎಲ್ಲಿಂದ ಬರಬೇಕು? ಏರಿಸಿದ್ದೆಲ್ಲ ಪೂರ್ತಿ ಬಾಕ್ಸ್‌ಗೆ ಬಿತ್ತು.

ನಿಮ್ಮ ಖೋಲಿಯಲ್ಲಿ 55 ಹರ್ಟ್ಜ್‌ನ ಸೈನ್ ಟೋನ್ (ಒಂದೇ ಸ್ವರದ ಬೋಳು ಸದ್ದು) ಸಣ್ಣಗೆ ಹಚ್ಚಿ, ಎದುರು ಗೋಡೆಯಿಂದ ಹಿಂದಿನ ಗೋಡೆ ತನಕ ನಡೆದು ನೋಡಿ. ಎಲ್ಲಿ ಮಾಯ ಆಗುತ್ತೋ ಅಲ್ಲಿ ಕೂಡಬೇಡಿ. ನಾನೀಗ ಎದುರು ಗೋಡೆಯಿಂದ ನಾಲ್ಕಡಿ ಒಳಗೇ ಕೂಡ್ತೀನಿ. ಬೆವರು ಸುರಿಯುತ್ತೆ, ಏನು ಮಾಡೋದು. ಕಿಕ್ ಆರಿಸುವಾಗ ಹೆಡ್‌ಫೋನ್‌ನಲ್ಲೂ ಒಮ್ಮೆ ಕೇಳ್ತೀನಿ, ಅದಕ್ಕೆ ಖೋಲಿಯ ಹಂಗಿಲ್ಲ.

ಇನ್ನು 808, 909. ರೋಲಾಂಡ್ ಕಂಪನಿ 808 ಅನ್ನ 1980ರಲ್ಲಿ, 909 ಅನ್ನ 1983ರಲ್ಲಿ ತಂದಿತು. 808ರ ಕಿಕ್‌ಗೆ ಬಾಲ (ಹೊಡೆದ ಮೇಲೆ ಉಳಿಯೋ ಗುಂಗು) ಉದ್ದ, 909 ಟಕ್ ಅಂತ ಹೊಡೆದು ಬೇಗ ಮುಗೀತದೆ. ನಿಮಿಷಕ್ಕೆ 124 ಬೀಟ್ ಇದ್ದರೆ ಎರಡು ಕಿಕ್ ನಡುವೆ ಅರ್ಧ ಸೆಕೆಂಡೂ ಇಲ್ಲ, ಉದ್ದ ಬಾಲ ಬೇಸ್‌ಲೈನ್ ತುಳಿಯುತ್ತೆ. ಹೌಸ್‌ಗೆ 909 ಥರದ ಕಿಕ್ ಸಾಕು, ಆದ್ರೆ ಅದನ್ನೂ ಕೊಳ್ಳೋದು ಬೇಡ. ಸಾಫ್ಟ್‌ವೇರ್ ಜೊತೆಗೇ ಪುಕ್ಕಟೆ ಬಂದಿರೋದರಲ್ಲಿ ಒಂದು ಕಿಕ್, ಒಂದು ಕ್ಲ್ಯಾಪ್, ಎರಡು ಹ್ಯಾಟ್ (ಚಿಸ್ ಅನ್ನೋ ತಾಳದ ಸದ್ದು) ಹಿಡಿದು ಎರಡು ತಿಂಗಳು ಕೆಲಸ ಮಾಡಿ. ಹೊಂದದಿದ್ದರೆ ಪಿಚ್ ತಿರುಗಿಸಿ, ಬಾಲ ಕತ್ತರಿಸಿ. ನಮ್ಮಲ್ಲಿ ಹಲಗಿ ಬಾರಿಸೋರು ಸದ್ದು ಇಳಿದಾಗ ಹೊಸ ಹಲಗಿ ಕೊಳ್ಳಲಿಕ್ಕೆ ಹೋಗಲ್ಲ, ಬೆಂಕಿಗೆ ಹಿಡಿದು ಕಾಸ್ತಾರೆ.

ಲೆಕ್ಕ ಸುಲಭ: 563ನ್ನ ನಿಮ್ಮ ಖೋಲಿಯ ಉದ್ದದ ಅಡಿಗಳಿಂದ ಭಾಗಿಸಿ. ನಟ್ಟನಡುವೆ ಮಾಯ ಆಗೋ ಹರ್ಟ್ಜ್ ಅದೇ. ಆ ಸಂಖ್ಯೆ 45ರಿಂದ 60ರ ಒಳಗಿದ್ದು ನೀವೂ ಫ್ಯಾನಿನ ಕೆಳಗೇ ಕೂಡ್ತಿದ್ದರೆ, ಆ ಹೊಸ ಪ್ಯಾಕನ್ನ ಕಾರ್ಟ್‌ನಿಂದ ಈಗಲೇ ತೆಗೀರಿ.